ಅಳಿಸಿಹೋದ ಹರಿಹರದ ರೂಟ್

೧೯೯೯ರಲ್ಲಿ ಹರಿಹರದ ಕಾರ್ಖಾನೆ ಮುಚ್ಚುವುದು ಖಚಿತವಾಯಿತು. ದಾವಣಗೆರೆಯ ಘಟಕಕ್ಕೆ ವರ್ಗವಾಗಲು ಒಪ್ಪಿದವರ ಹೆಸರು ಶುಕ್ರವಾರ ಸಂಜೆ ಐದರೊಳಗೆ ದಾವಣಗೆರೆ ಕಚೇರಿಯ ಕಂಪ್ಯೂಟರಿನಲ್ಲಿರಬೇಕು, ಇಲ್ಲದವರಿಗೆ ಕೆಲಸವಿಲ್ಲ ಎಂದು ಆದೇಶ ಬಂದಿತ್ತು.

ಹೆಸರು ಕಳಿಸಲು ದಾವಣಗೆರೆಯಿಂದ ಹರಿಹರಕ್ಕೆ ಬಂದಿದ್ದವಳು ವಾಣಿ. ಕಚೇರಿಯ ನೆಟ್‌ವರ್ಕ್ ಅವಳದೇ ಹೊಣೆ. ಎರಡೂ ಊರಿನ ನಡುವಿನ ಹಳೆಯ ಲೈನು ಸತ್ತು ಬದುಕುತ್ತಿತ್ತು. ಹೊಸದು ಹಿಂದಿನ ದಿನವಷ್ಟೇ ಬಂದಿತ್ತು. ಹರಿಹರಕ್ಕೆ ಯಾವ ಲೈನಿನಲ್ಲಿ ಹೋಗಬೇಕೆಂದು ದಾವಣಗೆರೆ ಕಚೇರಿಯ ಜಾಲ ಕಾಯುವ ಫೈರ್‌ವಾಲ್ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದಿಡಬೇಕು. ಅದೇ ರೂಟ್.

ಮೂವತ್ತಮೂರು ಹೆಸರು ಹೋಗುವಷ್ಟರಲ್ಲಿ ಮೂರೂವರೆಯಾಯಿತು. ಲೈನು ಮತ್ತೆ ತಡವರಿಸಿತು. ಇನ್ನೂ ಎಂಟು ಮಂದಿ ನಿಂತಿದ್ದರು. ವಾಣಿ ಅಲ್ಲಿಂದಲೇ ಫೈರ್‌ವಾಲಿನೊಳಗೆ ಹೊಕ್ಕು ಹಳೆಯ ರೂಟ್ ಅಳಿಸಿದಳು. ಹೊಸದನ್ನು ಬರೆಯಹೋದರೆ ತೆರೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ತಾನು ಒಳಗೆ ಹೋಗಿದ್ದ ದಾರಿಯನ್ನೇ ಅಳಿಸಿದ್ದಳು. ಇಂಥ ಕೆಲಸ ಪೆಟ್ಟಿಗೆಯ ಮುಂದೆ ಕೂತೇ ಮಾಡಬೇಕೆಂದು ಉಳಿದವರಿಗೆ ಹೇಳಿಕೊಟ್ಟವಳೇ ಅವಳು.

"ಯಾಕ್ರಿ ಮೇಡಂ, ನಿಂತೋತಾ?" ಎಂದ ಮುಂದಿದ್ದ ಕೆಂಚಣ್ಣ. ಭಾನುವಳ್ಳಿಯವನು, ಇಪ್ಪತ್ತೆರಡು ವರ್ಷ ಬಾಯ್ಲರ್ ನೋಡಿಕೊಂಡವನು.

"ಸ್ವಲ್ಪ ತಡೀರಿ."

ಫೋನಿಗೆ ದಾವಣಗೆರೆಯ ಆಪರೇಟರ್ ಶಾಂತಕುಮಾರಿ ಸಿಕ್ಕಳು. "ಆ ಪೆಟ್ಟಿಗೆ ಇರೋ ರೂಮಿಗೆ ಬೀಗ ಐತಲ್ರಿ. ಬಕ್ಕೇಶ್ ಸರ್ ಕೀ ತಗಂಡು ಮಲೆಬೆನ್ನೂರಿಗೆ ಮದುವಿಗೆ ಹೋಗ್ಯಾರೆ. ಇನ್ನೊಂದು ನಿಮ್ಮತ್ರಾನೇ ಐತೆ. ಇಲ್ಲಿ ಕರೆಂಟೂ ಇಲ್ಲ."

ವಾಣಿಗೆ ಒಂದು ಕ್ಷಣ ಆಸೆಯಾಯಿತು. ಅಳಿಸಿದ್ದನ್ನು ಅವಳಿನ್ನೂ ಸೇವ್ ಮಾಡಿರಲಿಲ್ಲ; ಪೆಟ್ಟಿಗೆ ಒಮ್ಮೆ ಆರಿ ಹತ್ತಿದರೆ ಹಳೆಯ ರೂಟ್ ತಾನಾಗಿ ಮರಳುತ್ತದೆ. ಆದರೆ ಕರೆಂಟು ಹೋದರೂ ಯಂತ್ರ ಆರದಂತೆ ಆ ಕೋಣೆಗೆ ಯುಪಿಎಸ್ ಇತ್ತು. ಹಟ ಹಿಡಿದು ಹಾಕಿಸಿದವಳೂ ಅವಳೇ.

ಮ್ಯಾನೇಜರ್ ವಾಮದೇವಪ್ಪ ಫೋನಿಗೆ ಬಂದರು. "ಫೋನಿನಾಗೆ ಹೆಸರು ಹೇಳಿದ್ರೆ ಏನು ಮಾಡ್ಲಮ್ಮ? ಕರೆಂಟಿಲ್ದೆ ಆ ರೂಮಿನ ಹೊರಗಿನ ಕಂಪ್ಯೂಟರ್ ಒಂದೂ ನಡೀತಿಲ್ಲ. ಐದಕ್ಕೆ ಮುಂಬೈ ಹೆಡ್ಡಾಫೀಸಿನವರು ಪಟ್ಟಿ ಎಳಕಂತಾರೆ. ನೀನೇ ಬಂದುಬಿಡು."

ಎಂಟು ಅರ್ಜಿ ಹಿಡಿದು ವಾಣಿ ಬಸ್ಸು ಹತ್ತಿದಳು. ಕೆಂಚಣ್ಣನೂ ಹತ್ತಿದ. ಅರ್ಧ ದಾರಿಯಲ್ಲಿ ಭತ್ತದ ಟ್ರ್ಯಾಕ್ಟರ್ ಮಗುಚಿ, ಬಸ್ಸು ಲಾರಿಗಳು ಸಾಲಾಗಿ ನಿಂತಿದ್ದವು. ಇಬ್ಬರೂ ಇಳಿದು ನಡೆದರು. ಆಚೆ ಬದಿಯಲ್ಲಿ ಆಟೋ ಸಿಗುವಷ್ಟರಲ್ಲಿ ಐದಕ್ಕೆ ಹತ್ತು ನಿಮಿಷ. ಕೆಂಚಣ್ಣ ಗಂಟೆ ಕೇಳಲಿಲ್ಲ. ಅವಳ ಮುಖ ನೋಡಿಕೊಂಡೇ ಕೂತಿದ್ದ.

ಪೆಟ್ಟಿಗೆಯ ಕೋಣೆಯ ಬೀಗ ತೆಗೆದಾಗ ಐದು ಹನ್ನೆರಡು. ಒಳಗಿನ ಕಂಪ್ಯೂಟರಿನಲ್ಲಿ ಮೊದಲ ಹೆಸರನ್ನು ಟೈಪ್ ಮಾಡಿದಳು. ಪಟ್ಟಿ ಮುಚ್ಚಿದೆ ಎಂದು ತೆರೆ ಹೇಳಿತು. ಎರಡನೆಯದಕ್ಕೂ ಅದನ್ನೇ ಹೇಳಿತು. ಎಂಟನ್ನೂ ಟೈಪ್ ಮಾಡಿದಳು.

"ನನ್ನ ತಪ್ಪು, ಕೆಂಚಣ್ಣ. ಹೊಸ ದಾರಿ ಬರೆಯೋ ಮೊದಲೇ ಹಳೇದನ್ನ ನಾನೇ ಅಳಿಸಿದೆ."

ಅವನು ಬಾಗಿಲ ಬಳಿಯೇ ನಿಂತಿದ್ದ. "ಬರೆಯಾಕೆ ಎಷ್ಟೊತ್ತು ಬೇಕಿತ್ರಿ?"

"ಅರ್ಧ ನಿಮಿಷ."

"ಹಂಗಾರೆ ಉಳಿದೋರಿಗೆ ನಾನೇ ಹೇಳ್ಲಾ?"

"ಬ್ಯಾಡ್ರಿ. ನಾನೇ ಬಂದು ಹೇಳ್ತೀನಿ."

ತನ್ನದೇ ತಪ್ಪೆಂದು ಒಪ್ಪಿಕೊಂಡು ವಾಣಿ ಮುಂಬೈಗೆ ಮೂರು ಪತ್ರ ಬರೆದಳು. ಮೂರನೆಯದಕ್ಕೆ ಉತ್ತರ ಬಂತು: ಪಟ್ಟಿ ಅಂತಿಮ. ಅದನ್ನು ತೆಗೆದುಕೊಂಡು ಹರಿಹರಕ್ಕೆ ಹೋದಾಗ ಎಂಟು ಮಂದಿಯೂ ಗೇಟಿನ ಬಳಿ ಕಾಯುತ್ತಿದ್ದರು. ಓದಿ ಹೇಳಿದಳು. ಯಾರೂ ಬೈಯಲಿಲ್ಲ. ಒಬ್ಬನು ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ, ಬಹಳ ಹೊತ್ತು ನೋಡಿದ.