ಮೇಡಂ ಒಳಗೆ ಬಿಜಿ ಇದ್ದಾರೆ

ದೊಡ್ಡ ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತೇ ಅವನ ನೌಕರಿಯೆಲ್ಲ ಕಳೆದಿತ್ತು. ಎಷ್ಟೋ ಸಾಹೇಬರು ಬಂದರು, ಹೋದರು. ಗೋಡೆಯ ಹಸಿರು ಬಣ್ಣ ಹೋಗಿ ಹಳದಿ ಬಂತು, ಹಳದಿ ಹೋಗಿ ಬಿಳಿ ಬಂತು. ಸ್ಟೂಲು ಮಾತ್ರ ಕದಲಲಿಲ್ಲ, ಅದರ ಮೇಲೆ ಕೂತವನೂ ಕದಲಲಿಲ್ಲ. ಕಚೇರಿಯಲ್ಲಿ ಎಲ್ಲರೂ ಅವನನ್ನು ಬಾಗಿಲಯ್ಯ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಜನರನ್ನು ಒಳಗೆ ಬಿಡುವುದು ಯಾರಿಗೆ ಬೇಕಾದರೂ ಬರುತ್ತದೆ. ಬಿಡದೆ ಕಳಿಸುವುದು, ಅದೂ ಹೋದವರು ‘ಪಾಪ, ಒಳ್ಳೇ ಮನುಷ್ಯ’ ಎಂದುಕೊಂಡು ಹೋಗುವಂತೆ ಕಳಿಸುವುದು ಬಾಗಿಲಯ್ಯನಿಗೆ ಮಾತ್ರ ಬರುತ್ತಿತ್ತು. ಕೂಗಾಡಿಕೊಂಡು ಬಂದವರನ್ನು ಮೊದಲು ಕೂರಿಸುತ್ತಿದ್ದ. ಕೂತವರ ದನಿ ತಾನಾಗಿಯೇ ಇಳಿಯುತ್ತಿತ್ತು. ಆಮೇಲೆ ಮಕ್ಕಳುಮರಿ ವಿಚಾರಿಸುತ್ತಿದ್ದ. ಕೊನೆಗೆ ಕಿವಿಯ ಹತ್ತಿರ ಬಗ್ಗಿ, “ನಿಮ್ಮದನ್ನೇ ನೋಡ್ತಾ ಇದ್ದಾರೆ” ಎನ್ನುತ್ತಿದ್ದ. ಒಳಗೆ ಸಾಹೇಬರು ಗೊರಕೆ ಹೊಡೆಯುತ್ತಿದ್ದರೂ ಸರಿಯೇ.

ಅವನ ನಿವೃತ್ತಿಯ ಹೊತ್ತಿಗೆ ಸರಿಯಾಗಿ ಆ ಕೋಣೆಗೆ ಗಾಜಿನ ಬಾಗಿಲು ಬಂತು. ಕಾರ್ಡು ತೋರಿಸಿದರೆ ತಾನೇ ತೆರೆದುಕೊಳ್ಳುವ ಬಾಗಿಲು. ಹೊರಗೆ ಯಾರೂ ಕೂರಬೇಕಾಗಿರಲಿಲ್ಲ. ಬೀಳ್ಕೊಡುಗೆಯ ಭಾಷಣಗಳೆಲ್ಲ ಮುಗಿದ ಮೇಲೆ ಗುಮಾಸ್ತ ಸ್ಟೂಲನ್ನೂ ಎತ್ತಿ ಕೈಗೆ ಕೊಟ್ಟು, “ಇದನ್ನೂ ನೀವೇ ತಗೊಂಡು ಹೋಗಿ. ಇಲ್ಲಿ ಯಾರಿಗೆ ಬೇಕು?” ಎಂದ.

ಮನೆಯಲ್ಲಿ ಮೊದಲ ದಿನ ಬಾಗಿಲಯ್ಯ ಸೋಫಾದ ಮೇಲೆ ಕೂತು ನೋಡಿದ. ಕುಂಡೆ ಒಳಗೆ ಹೂತುಹೋಯಿತು. ಕುರ್ಚಿಯ ಮೇಲೆ ಕೂತ. ಅದಕ್ಕೆ ಬೆನ್ನಿತ್ತು, ಅವನ ಬೆನ್ನಿಗೆ ಒರಗಿ ಅಭ್ಯಾಸವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ಟೂಲು ಮುಂಬಾಗಿಲ ಹೊರಗೆ, ಜಗಲಿಯ ಮೇಲೆ ಬಂದು ನಿಂತಿತ್ತು. ಬಾಗಿಲಯ್ಯನ ಜೀವಕ್ಕೆ ಹಾಯೆನಿಸಿತು.

ಅಷ್ಟರಲ್ಲಿ ಹೆಂಡತಿಯ ಅಕ್ಕ ಹಣ್ಣಿನ ಚೀಲ ಹಿಡಿದುಕೊಂಡು ಬಂದರು.

“ಬನ್ನಿ ಅತ್ತಿಗೆ, ಕೂತ್ಕೊಳ್ಳಿ,” ಎಂದ. ಕೂರಲು ಮೆಟ್ಟಿಲು ಬಿಟ್ಟರೆ ಬೇರೇನೂ ಇರಲಿಲ್ಲ. “ಏನು ವಿಷಯ ಅಂತ ಹೇಳ್ಲಿ ಒಳಗೆ?”

“ವಿಷಯಾನಾ? ನನ್ನ ತಂಗಿ ಮನೆಗೆ ಬರೋಕೂ ವಿಷಯ ಬೇಕೇನ್ರೀ?”

“ಹಾಗಲ್ಲ. ಬರ್ತೀನಿ ಅಂತ ಮೊದಲೇ ಹೇಳಿದ್ರಾ?”

ಅತ್ತಿಗೆ ಹಣ್ಣಿನ ಚೀಲದ ಸಮೇತ ವಾಪಸು ಹೊರಟೇಬಿಟ್ಟರು. ವಿಷಯ ತಿಳಿದ ಹೆಂಡತಿ ಕೆಂಡವಾದಳು. “ನನ್ನ ಒಡಹುಟ್ಟಿದ ಅಕ್ಕನ್ನ ಮೆಟ್ಟಿಲ ಮೇಲೆ ಕೂರಿಸ್ತೀರಾ? ನಿಮಗೇನು ತಲೆ ಕೆಟ್ಟಿದೆಯಾ?” ಎಂದು ಸ್ಟೂಲನ್ನು ಅಟ್ಟಕ್ಕೆ ಏರಿಸಿದಳು.

ಆಮೇಲೆ ಬಾಗಿಲಯ್ಯ ಒಳಗೇ ಸುತ್ತತೊಡಗಿದ. ಹೆಂಡತಿ ಮುಂಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಅವನು ಅವಳ ಬೆನ್ನ ಹಿಂದೆ ನಿಂತು, “ಅದನ್ನ ಯಾಕೆ ಹಾಗೆ ಮಡಚಿದೆ?” ಎನ್ನುತ್ತಿದ್ದ. ಕತ್ತರಿಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಳತೆ ಟೇಪನ್ನು ಸುರುಳಿ ಸುತ್ತಿ ಎಲ್ಲಿಟ್ಟೆನೆಂದು ತಾನೇ ಮರೆತ. ಅವಳು ಹಲ್ಲು ಕಚ್ಚಿ ಸಹಿಸಿಕೊಂಡಳು.

ಅವಳಿಗೆ ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಮದುವೆಗಳ ಕಾಲ. ಶಾಲೆಯ ನಾಟಕದ ಉಡುಪೂ ಅವಳ ಪಾಲಿಗೇ ಬಂದಿತ್ತು. ಬಟ್ಟೆ ಕೊಟ್ಟವರು ಕೊಟ್ಟು ಸುಮ್ಮನಿರುತ್ತಾರೆಯೇ? “ಈ ಕಡೆ ಹೋಗ್ತಾ ಇದ್ದೆ, ಹಾಗೇ ಕೇಳ್ಕೊಂಡು ಹೋಗೋಣ ಅಂತ” ಎಂದು ಒಬ್ಬಳು ಬರುವಳು. ಅವಳು ಸೊಸೆಯ ಪುರಾಣ ಮುಗಿಸುವ ಹೊತ್ತಿಗೆ, ಅತ್ತೆಯ ಪುರಾಣ ಹೊತ್ತ ಇನ್ನೊಬ್ಬಳು ಬರುವಳು. ಮಾತಾಡುತ್ತ ಹೊಲಿದರೆ ತೋಳು ಹೋಗಿ ಕತ್ತಿಗೆ ಸೇರುತ್ತಿತ್ತು. ಹೊಲಿಯದೆ ಮಾತಾಡಿದರೆ ‘ಇನ್ನೂ ಆಗಿಲ್ವಾ?’ ಎಂಬ ಮಾತು ಕೇಳಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಮುಂಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದರು. ಮದುಮಗಳ ತಾಯಿ ಅಳುತ್ತಿದ್ದಳು. ನಾಟಕದ ಮೇಷ್ಟ್ರು ರಾಜನ ಅಂಗಿಗೆ ಬಾಲ ಯಾಕೆ ಬಂತೆಂದು ಕೇಳುತ್ತಿದ್ದರು. ಅದು ಹುಲಿಯ ಅಂಗಿಯಾಗಿತ್ತು. ಹೆಂಡತಿ “ಬಂದೆ” ಎಂದು ಎದ್ದವಳು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ಬಾಗಿಲಯ್ಯ ಹೋಗಿ ಕದ ತಟ್ಟಿದ. ಒಳಗಿನಿಂದ ಪಿಸುದನಿ ಬಂತು. “ಹೋದ್ರಾ?”

“ಇಲ್ಲ. ಇನ್ನೊಬ್ಬರು ಬಂದ್ರು.”

ಚಿಲಕ ಅರ್ಧ ಸರಿದು ಮತ್ತೆ ಬಿತ್ತು. ಆಮೇಲೆ, “ರೀ, ಆ ಸ್ಟೂಲು…”

“ಅಟ್ಟದ ಮೇಲಿದೆ.”

“ಇಳಿಸಿ.”

ಬಾಗಿಲಯ್ಯ ಆ ವಯಸ್ಸಿನಲ್ಲಿ ಅಟ್ಟ ಹತ್ತಿದ ವೇಗಕ್ಕೆ ಏಣಿಯೇ ಬೆದರಬೇಕು. ಸ್ಟೂಲನ್ನು ಒರೆಸಿ ಜಗಲಿಯ ಮೇಲಿಟ್ಟ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ಒಳಗೆ ಬಂದು ಗಂಟಲು ಸರಿಮಾಡಿಕೊಂಡ.

“ಎಲ್ಲರೂ ದಯವಿಟ್ಟು ಹೊರಗೆ ಕೂತ್ಕೊಳ್ಳಿ. ಮೇಡಂ ಒಳಗೆ ಬಿಜಿ ಇದ್ದಾರೆ.”

ಆ ದನಿಗೆ ಏನು ಶಕ್ತಿಯಿತ್ತೋ, ಮೇಷ್ಟ್ರು ಮೊದಲುಗೊಂಡು ಎಲ್ಲರೂ ಎದ್ದು ಹೊರಗೆ ಬಂದರು. ಅಳುತ್ತಿದ್ದ ತಾಯಿಯನ್ನು ಅವನು ಅಳಿಯನಾಗುವವನ ಬಗ್ಗೆ ವಿಚಾರಿಸಿದ. ಹುಡುಗನ ಗುಣಗಾನ ಮಾಡುತ್ತ ಅವಳು ಅಳುವುದನ್ನೇ ಮರೆತಳು. ಊಟದ ಹೊತ್ತಿಗೆ ಜಗಲಿ ಖಾಲಿಯಾಗಿತ್ತು. ಒಳಗೆ ಯಂತ್ರ ಟಕಟಕ ಓಡುತ್ತಿತ್ತು.

ಮರುದಿನದಿಂದ ವ್ಯವಸ್ಥೆ ಪಕ್ಕಾ ಆಯಿತು. ಮುರಿದ ಮಂಚದ ಹಲಗೆಗೆ ಎರಡು ಖಾಲಿ ಬಣ್ಣದ ಡಬ್ಬ ಕೊಟ್ಟು ಬೆಂಚು ಮಾಡಿದ. ಹಳೇ ಸೈಕಲ್ಲಿನ ಗಂಟೆ ಬಿಚ್ಚಿ ಹೊಲಿಗೆ ಯಂತ್ರದ ಅಂಚಿಗೆ ಬಿಗಿದ. ಹೆಂಡತಿ ಟ್ರಿಣ್ ಎನಿಸಿದರೆ ಮುಂದಿನವರನ್ನು ಒಳಗೆ ಬಿಡುತ್ತಿದ್ದ. ಅವಳ ಗುಂಡಿಗಳ ಡಬ್ಬಿ ತಂದಿಟ್ಟುಕೊಂಡು, ಬರೇ ಕೇಳಿ ಹೋಗುವವರಿಗೆ ಬಿಳಿ ಗುಂಡಿ, ಅಳತೆ ಕೊಡುವವರಿಗೆ ಕಪ್ಪು, ನಿಜವಾದ ತುರ್ತಿಗೆ ಹಿತ್ತಾಳೆಯದು ಎಂದು ಹಂಚತೊಡಗಿದ. ಅತ್ತಿಗೆಯ ಮನೆಗೆ ತಾನೇ ಹೋಗಿ, ಎರಡು ಮಾತು ಕೇಳಿಸಿಕೊಂಡು, ಒಂದು ಹಿತ್ತಾಳೆ ಗುಂಡಿಯನ್ನು ಖಾಯಂ ಆಗಿ ಕೊಟ್ಟು ಬಂದ. ಅವರು ಅದನ್ನು ಪರ್ಸಿನಲ್ಲಿಟ್ಟುಕೊಂಡು ಬೀದಿಗೆಲ್ಲ ತೋರಿಸಿದರು.

ಹೀಗಿರುವಾಗ ಒಂದು ಸಂಜೆ ಬೆಂಚಿನ ತುದಿಯಲ್ಲಿ ತಲೆ ನರೆತ ಒಬ್ಬ ಮುದುಕರು ಕೂತಿದ್ದರು. ಬಂದವರಿಗೆಲ್ಲ “ನೀವು ಹೋಗಿ, ನೀವು ಹೋಗಿ” ಎಂದು ಜಾಗ ಬಿಟ್ಟುಕೊಡುತ್ತಿದ್ದರು. ಮಡಿಲಲ್ಲಿ ಕೋಟು, ಕೈಯಲ್ಲಿ ಬಿಳಿ ಗುಂಡಿ. ಆದರೆ ಆ ಕೋಟಿನ ಕಾಲರನ್ನು ಬೆರಳುಗಳು ತಿರುಚುತ್ತಲೇ ಇದ್ದವು. ಬಾಗಿಲಯ್ಯನಿಗೆ ಈ ಬೆರಳುಗಳ ಪರಿಚಯವಿತ್ತು. ಕೂಗಾಡುವವರಿಗೆ ನಾಳೆ ಬಾ ಎನ್ನಬಹುದು, ಸುಮ್ಮನೆ ತಿರುಚುವವರಿಗೆ ಹೇಳಬಾರದು.

“ಯಾವಾಗ ಬೇಕಿತ್ತು ಯಜಮಾನ್ರೇ?”

“ನಾಳೆ ಬೆಳಿಗ್ಗೆ. ಗುಂಡಿ ಕೂಡ್ತಾ ಇಲ್ಲ. ಹೊಟ್ಟೆ ಬಂದುಬಿಟ್ಟಿದೆ.”

“ಏನು ವಿಶೇಷ? ಮದುವೆಗೆ ಹೋಗ್ಬೇಕಾ?”

“ಹೂಂ.”

“ಯಾರದ್ದು?”

ಮುದುಕರು ಅತ್ತ ಇತ್ತ ನೋಡಿ, “ನಂದೇ” ಎಂದರು.

ಬಾಗಿಲಯ್ಯ ಬಿಳಿ ಗುಂಡಿ ಕಿತ್ತುಕೊಂಡು ಹಿತ್ತಾಳೆಯದನ್ನು ಕೈಗಿಟ್ಟ. ಗಂಟೆಗೂ ಕಾಯದೆ ಒಳಗೆ ಕರೆದುಕೊಂಡು ಹೋದ. ಬೆಂಚಿನ ಮೇಲಿನವರು ಗೊಣಗಿದಾಗ, “ಮದುಮಗ!” ಎಂದ. ಗೊಣಗಾಟ ನಿಂತು, ಎಲ್ಲರೂ ಬಾಗಿಲ ಸಂದಿಯಿಂದ ಇಣುಕತೊಡಗಿದರು.

ಮರುದಿನ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದವರೇ ಗಂಡಹೆಂಡಿರು ಸಿಹಿ ಹಿಡಿದುಕೊಂಡು ಬಂದರು. ಮದುಮಗಳು ತೆಳ್ಳಗಿನ, ಚೂಪು ಕಣ್ಣಿನ, ಬಿಳಿ ಕೂದಲಿನ ಹೆಂಗಸು. ಬಾಗಿಲಯ್ಯ ಅಭ್ಯಾಸಬಲದಿಂದ, “ಸ್ವಲ್ಪ ಕೂತ್ಕೊಳ್ಳಿ. ಒಳಗೆ ಬಹಳ ಕೆಲಸ ನಡೀತಾ ಇದೆ” ಎಂದ.

“ಸಾಕು ಬಿಡಿ. ಮಿಷನ್ ಸದ್ದೇ ಇಲ್ಲ. ಚಹಾ ಕುಡೀತಾ ಇದ್ದಾರೆ,” ಎಂದರು ಆಕೆ. ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ, “ನೀವು ಯಾವ ಬಾಗಿಲಲ್ಲಿದ್ರಿ?” ಎಂದು ಕೇಳಿದರು.

ಬಾಗಿಲಯ್ಯ ತಬ್ಬಿಬ್ಬಾದ. “ದೊಡ್ಡ ಸಾಹೇಬರ ಬಾಗಿಲು. ನೀವು?”

“ನಾನು ಕಿಟಕಿ. ನೀರಿನ ಬಿಲ್ಲು ಕಟ್ಟೋ ಕಿಟಕಿ.”

ಅಷ್ಟೇ ಸಾಕಾಯಿತು. ‘ಊಟಕ್ಕೆ ಹೋಗಿದ್ದಾರೆ’ ಎಂಬ ಹಲಗೆಯನ್ನು ಬೆಳಿಗ್ಗೆಯೇ ನೇತುಹಾಕುವುದು ಹೇಗೆಂದು ಆಕೆ ಹೇಳಿದರು. ಇರುವ ಸಾಹೇಬರನ್ನು ಇಲ್ಲವಾಗಿಸುವುದು ಹೇಗೆಂದು ಇವನು ಹೇಳಿದ.

“ಈಗಿನವರು ಕಂಪ್ಯೂಟರ್ ಕೆಟ್ಟಿದೆ ಅಂತಾರೆ,” ಎಂದ ಬಾಗಿಲಯ್ಯ.

“ಅವರಿಗೇನು, ಸುಲಭ. ನಮ್ಮ ಕಾಲದಲ್ಲಿ ಪಾಪ, ಪೆನ್ನು ಕಳೀಬೇಕಾಗಿತ್ತು,” ಎಂದರು ಆಕೆ.

ನಡುವೆ ಕೂತ ಮದುಮಗ ನಕ್ಕೂ ನಕ್ಕೂ ಹೊಸದಾಗಿ ಹಾಕಿದ ಕೋಟಿನ ಗುಂಡಿಯನ್ನು ಬಿಚ್ಚಬೇಕಾಯಿತು. ಒಳಗೆ ಹೆಂಡತಿ ಟ್ರಿಣ್ ಟ್ರಿಣ್ ಎನಿಸಿ ಸಾಕಾಗಿ, ಯಾರೂ ಬಾರದ್ದನ್ನು ಕಂಡು ತಾನೇ ಹೊರಗೆ ಬಂದಳು. ಬೈಯಲು ಬಾಯಿ ತೆರೆದವಳ ಕೈಗೆ ಮದುಮಗಳು ಸಿಹಿಯ ಪೊಟ್ಟಣ ಇಟ್ಟರು. ಅವಳೂ ಬೆಂಚಿನ ಮೇಲೆ ಕೂತಳು. ಬಣ್ಣದ ಡಬ್ಬ ಕಿರ್ರೆಂದರೂ ತಡೆದುಕೊಂಡಿತು.

ಅವತ್ತಿನಿಂದ ಆ ಗಂಡಹೆಂಡಿರು ಸಂಜೆ ಹೊತ್ತು ಆಗಾಗ ಬರತೊಡಗಿದರು. ಹೊಲಿಸುವ ಬಟ್ಟೆ ಇರುತ್ತಿರಲಿಲ್ಲ, ಗುಂಡಿಯೂ ಕೇಳುತ್ತಿರಲಿಲ್ಲ. ಬಾಗಿಲಯ್ಯನಿಗೆ ಮೊದಮೊದಲು ಅರ್ಥವಾಗಲಿಲ್ಲ. ಒಂದು ದಿನ ಅವರು ಹೋದ ಮೇಲೆ ಹೆಂಡತಿ ಚಹಾ ತಂದುಕೊಡುತ್ತ, “ಏನು ಬೇಕಿತ್ತಂತೆ ಇವತ್ತು?” ಎಂದು ಕೇಳಿದಳು.

“ಏನೂ ಇಲ್ಲ.” ಅವನು ಲೋಟ ಕೈಯಲ್ಲೇ ಹಿಡಿದು ಬೀದಿ ನೋಡುತ್ತ ಕೂತ. “ಅಲ್ಲ ಕಣೇ, ಆಫೀಸಿಗೆ ಅಷ್ಟು ಜನ ಬರ್ತಿದ್ರಲ್ಲ, ಎಲ್ಲಾ ಒಳಗಿದ್ದವರನ್ನ ನೋಡೋಕೆ ಬಂದೋರು. ಇವರು ನನ್ನನ್ನ ನೋಡೋಕೆ ಬರ್ತಾರೆ.”

“ನೋಡೋಕೆ ನಿಮ್ಮಲ್ಲೇನಿದೆಯೋ,” ಎಂದಳು ಹೆಂಡತಿ. ಆದರೆ ಒಳಗೆ ಹೋಗಲಿಲ್ಲ. ಹೊಲಿಯುವುದು ಇನ್ನೂ ರಾಶಿ ಬಿದ್ದಿತ್ತು. ಆದರೂ ಬೆಂಚಿನ ಮೇಲೆ ಕಾಲು ನೀಡಿ ಕೂತು, ಅವನ ಚಹಾ ಮುಗಿಯುವವರೆಗೂ ಬೀದಿಯಲ್ಲಿ ಹೋಗಿಬರುವವರ ಬಟ್ಟೆಗಳಲ್ಲಿ ಯಾವುದು ತಾನು ಹೊಲಿದದ್ದು, ಯಾವುದು ಅಲ್ಲ ಎಂದು ತೋರಿಸುತ್ತಿದ್ದಳು.