ವಾಲಿ ನಡೆದ ತಕ್ಕಡಿ ಮಾವ

ಊರಿನ ತಕ್ಕಡಿಗಳನ್ನೆಲ್ಲ ನೆಟ್ಟಗೆ ನಿಲ್ಲಿಸುತ್ತಿದ್ದ ನನ್ನ ಸೋದರಮಾವ ತಾವು ಮಾತ್ರ ಬಲಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ಇದಕ್ಕೆ ವಾತವಾಗಲಿ ವಯಸ್ಸಾಗಲಿ ಕಾರಣವಲ್ಲ. ಅವರ ಕಂದು ಕೋಟಿನ ಬಲಜೇಬಿನಲ್ಲಿ ಹಗಲಿಡೀ ಕುಳಿತಿರುತ್ತಿದ್ದ, ಸರ್ಕಾರಿ ಮುದ್ರೆಯೊತ್ತಿದ ಒಂದು ಕಿಲೋ ಹಿತ್ತಾಳೆಯ ತೂಕದ ಕಲ್ಲೇ ಕಾರಣ. ನಮ್ಮ ಕ್ರೈಸ್ತ ದೇವಾಲಯದಲ್ಲಿ ಅವರು ಬೆಂಚಿನ ಮೇಲೆ ಕೂತಾಗ ಆ ಕಲ್ಲು ಮರಕ್ಕೆ ಬಡಿದು ‘ಠಕ್’ ಎಂದರೆ, ಮುಂದಿನ ಸಾಲಿನವರು ಹಿಂತಿರುಗಿ ನೋಡದೆಯೇ ತಕ್ಕಡಿ ಮಾವ ಬಂದರೆಂದು ತಿಳಿದುಕೊಳ್ಳುತ್ತಿದ್ದರು. “ಭಾನುವಾರ ಒಂದು ದಿನವಾದ್ರೂ ಅದನ್ನ ಮನೇಲಿಟ್ಟು ಬರಬಾರದಾ ಅಣ್ಣಾ?” ಎಂದು ನನ್ನ ಅಮ್ಮ ಕೇಳಿದರೆ, “ಮನೇಲಿಟ್ರೆ ಅದು ಬರೀ ಹಿತ್ತಾಳೆ ಕಣಮ್ಮ” ಎನ್ನುತ್ತಿದ್ದರು.

ಅವರ ತಕ್ಕಡಿ ರಿಪೇರಿ ಅಂಗಡಿಯೆಂದರೆ ಒಂದು ಬಾಗಿಲು, ಒಂದು ಮೇಜು, ಸೂರಿನಿಂದ ನೇತುಬಿದ್ದ ಇಪ್ಪತ್ತು ಮೂವತ್ತು ತಕ್ಕಡಿ. ತಕ್ಕಡಿಯ ಕಳ್ಳತನ ಖಾಲಿಯಿರುವಾಗ ಕಾಣುವುದಿಲ್ಲ ಎಂಬುದು ಅವರು ನನಗೆ ಹೇಳಿಕೊಟ್ಟ ಮೊದಲ ಪಾಠ. ದಂಡದ ಒಂದು ತೋಳು ಕೂದಲೆಳೆಯಷ್ಟು ಉದ್ದವಾಗಿದ್ದರೂ ಖಾಲಿ ತಟ್ಟೆಗಳು ಪರಮ ಸಾಧುಗಳಂತೆ ಸಮನಾಗಿ ನಿಂತಿರಬಹುದು. ಆದ್ದರಿಂದ ಮಾವ ಒಮ್ಮೆ ತೂಗಿದ ಮೇಲೆ, ಕಲ್ಲಿದ್ದ ತಟ್ಟೆಗೆ ಸಾಮಾನನ್ನೂ ಸಾಮಾನಿದ್ದ ತಟ್ಟೆಗೆ ಕಲ್ಲನ್ನೂ ಹಾಕಿ ಇನ್ನೊಮ್ಮೆ ತೂಗುತ್ತಿದ್ದರು. ನಿಜದ ತಕ್ಕಡಿ ಎರಡು ಸಲವೂ ಒಂದೇ ಮಾತು ಹೇಳುತ್ತದೆ. ಸುಳ್ಳಿನದು ಎರಡನೆಯ ಸಲ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಅಂಗಡಿಯವನನ್ನು ಅವರು ಬೈದದ್ದನ್ನು ನಾನು ಕಂಡಿಲ್ಲ. “ತೋಳು ಸ್ವಲ್ಪ ಹಿಗ್ಗಿಬಿಟ್ಟಿದೆ, ಕೊಡಿ, ಸರಿ ಮಾಡ್ಕೊಡ್ತೀನಿ” ಎನ್ನುತ್ತಿದ್ದರು, ತೋಳು ತನ್ನಷ್ಟಕ್ಕೆ ತಾನೇ ಮೈಮುರಿದು ಉದ್ದವಾಯಿತೋ ಎಂಬಂತೆ.

ಈ ವಿದ್ಯೆಯನ್ನು ಅವರು ಭಾನುವಾರಕ್ಕೂ ತಂದಿದ್ದರು. ದೇವಾಲಯದಲ್ಲಿ ಕೇಳಿದ ಪ್ರಸಂಗ, ಅಂದರೆ ಬೋಧನೆ, ಎಷ್ಟೇ ಇಂಪಾಗಿರಲಿ, ಮನೆಗೆ ಬಂದು ಕೋಟು ಕಳಚುವ ಮೊದಲೇ ವೇದಪುಸ್ತಕ ಬಿಚ್ಚಿ ಅದಕ್ಕೆ ಆಧಾರವಾದ ಅಧ್ಯಾಯವನ್ನು ಆದಿಯಿಂದ ಅಂತ್ಯದವರೆಗೆ ಓದುವರು. ಆಮೇಲೆ ಆ ಬೋಧನೆಯನ್ನು ಹೇಳಿದವನ ತಟ್ಟೆಗೇ ಹಾಕಿ ನೋಡುವರು. ಬರುವ ವಸಂತದೊಳಗೆ ಲೋಕ ಮುಗಿಯುತ್ತದೆಂದು ಸಭೆಯ ಹಿರಿಯರೊಬ್ಬರು ಸಾರಿದಾಗ ಅರ್ಧ ಸಭೆ ನಡುಗಿತು. ಮಾವ ಮಾತ್ರ ಆ ಹಿರಿಯರ ಮನೆಗೆ ಹೋಗಿ, ಅಲ್ಲಿ ಏಳುತ್ತಿದ್ದ ಹೊಸ ಮಹಡಿಯನ್ನು ತಲೆಯೆತ್ತಿ ನೋಡಿ, “ಮೆಟ್ಟಿಲಿಗೆ ಕೈಹಿಡಿ ಹಾಕಿಸಿ ಅಯ್ಯಾ. ವಸಂತದವರೆಗಾದ್ರೂ ಹತ್ತಿ ಇಳೀಬೇಕಲ್ಲ” ಎಂದರು. ಹಿರಿಯರು ಮುಖ ಕೆಂಪಗೆ ಮಾಡಿಕೊಂಡು, ಕೊನೆಗೆ ತಾವೇ ನಕ್ಕುಬಿಟ್ಟರು. ಕೈಹಿಡಿಗೆ ಬೇಕಾದ ಕಬ್ಬಿಣವನ್ನು ಮಾವನೇ ತಂದುಕೊಟ್ಟರು.

ಹಾಗೆಂದು ಅವರು ತಪ್ಪೇ ಮಾಡದವರೇನಲ್ಲ. ದೇವಾಲಯದ ಹಳೆಯ ಬೆಂಚುಗಳನ್ನು ತೆಗೆದು ಕುರ್ಚಿ ಹಾಕಿಸಿದಾಗ ಎದ್ದು ನಿಂತು, ಇದು ದುರ್ಬೋಧನೆಯ ಮೊದಲ ಹೆಜ್ಜೆ ಎಂದು ಗುಡುಗಿ, ಮೂರು ಭಾನುವಾರ ಗೋಡೆಗೊರಗಿ ನಿಂತೇ ಆರಾಧನೆ ಮುಗಿಸಿದರು. ನಾಲ್ಕನೆಯ ಭಾನುವಾರ ಎಲ್ಲರೆದುರು, “ಹುಡುಕಿ ಹುಡುಕಿ ಓದಿದೆ, ಕುರ್ಚಿ ಬಗ್ಗೆ ಎಲ್ಲೂ ಏನೂ ಇಲ್ಲ. ನನ್ನ ಬೆನ್ನಿಗೆ ಒಗ್ಗದ್ದನ್ನ ದೇವರ ಮೇಲೆ ಹಾಕಿಬಿಟ್ಟೆ, ಕ್ಷಮಿಸಿ” ಎಂದು ಹೇಳಿ ಕುರ್ಚಿಯಲ್ಲಿ ಕೂತರು. ಕೋಟಿನ ಕಲ್ಲಿನ ಭಾರಕ್ಕೆ ಆ ಹಗುರ ಕುರ್ಚಿ ಬಲಕ್ಕೆ ಮಗುಚಿ, ಕ್ಷಮಾಪಣೆಯ ಸಮೇತ ಮಾವ ನೆಲಕ್ಕೆ ಬಿದ್ದರು. ಅಂದು ಸಭಾಪಾಲಕರಿಗೆ ನಗು ತಡೆಯಲಾರದೆ ಪ್ರಾರ್ಥನೆ ಮುಗಿಸಲು ಆಗಲಿಲ್ಲ.

ಈ ನಗೆಯೆಲ್ಲ ಒಮ್ಮೆ ನಮ್ಮ ಮನೆಯಲ್ಲಿ ಸತ್ತುಹೋಯಿತು. ಒಂದು ವಾರದ ಕೂಟಗಳಿಗೆಂದು ಪರಊರಿನಿಂದ ಉಪದೇಶಿಯೊಬ್ಬರು ಬಂದಿದ್ದರು. ಎತ್ತರದ ದನಿ, ಬಿಳಿ ಅಂಗಿ, ದಪ್ಪ ಕನ್ನಡಕ. ಔಷಧಿ ನುಂಗುವುದೆಂದರೆ ದೇವರನ್ನು ಅನುಮಾನಿಸಿದಂತೆ, ಪೂರ್ಣ ನಂಬಿಕೆಯುಳ್ಳವನಿಗೆ ಸೂಜಿ ಮಾತ್ರೆಗಳ ಹಂಗೇಕೆ ಎಂಬುದು ಅವರ ಬೋಧನೆ. ನನ್ನ ಅಮ್ಮನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲ ಹೆಬ್ಬೆರಳಿನಲ್ಲಿ ಮಾಯದ ಹುಣ್ಣು ಬೇರೆ. ಕೂಟದಲ್ಲಿ ಆ ಬೋಧನೆ ಕೇಳಿದ ಅಮ್ಮ ಅಂದಿನಿಂದಲೇ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವುದನ್ನು ನಿಲ್ಲಿಸಿದರು. ನಾನು ಬೇಡಿಕೊಂಡೆ, ಕೂಗಾಡಿದೆ, ಉಪದೇಶಿಯನ್ನು ಬಾಯಿಗೆ ಬಂದಂತೆ ಬೈದೆ. ಅಮ್ಮ ನಸುನಕ್ಕು, “ನಿಂಗೆ ನಂಬಿಕೆ ಸಾಲದು ಕಣೋ” ಎಂದು ನನ್ನೊಡನೆ ಮಾತೇ ಬಿಟ್ಟರು. ನಾಲ್ಕನೆಯ ದಿನ ಬೆರಳು ಕಪ್ಪಾಗತೊಡಗಿತು.

ಮಾವ ದಿನಾ ಬೆಳಿಗ್ಗೆ ಬರುತ್ತಿದ್ದರು, ಆ ಬೆರಳನ್ನು ನೋಡಿ ಒಳಗೊಳಗೇ ಕುಸಿಯುತ್ತಿದ್ದರು. ಸುವಾರ್ತೆ ಬರೆದವರಲ್ಲೊಬ್ಬ ವೈದ್ಯನೇ ಅಲ್ಲವೇ ಎಂದು ತಂಗಿಗೆ ಮೆಲ್ಲಗೆ ಹೇಳಿಯೂ ನೋಡಿದ್ದರು. “ಅದು ಆ ಕಾಲ ಅಣ್ಣಾ” ಎಂದು ಅಮ್ಮ ಮಾತು ಮುಗಿಸಿದ್ದರು. ನಾಲ್ಕನೆಯ ದಿನ ಮಾವ ನನ್ನ ಕಡೆ ತಿರುಗಿ, “ಸಾಯಂಕಾಲ ಆ ಅಯ್ಯನವರನ್ನ ಚಹಾಕ್ಕೆ ಕರಿ” ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಹೋಗಿ ಕರೆದೆ.

ಉಪದೇಶಿಗಳು ಬಂದರು, ಚಹಾ ಕುಡಿದರು, ಅಮ್ಮನ ನಂಬಿಕೆಯನ್ನು ಬಾಯಿತುಂಬ ಹೊಗಳಿದರು. “ಒಂದು ಅಧ್ಯಾಯ ಓದಿ ಅಯ್ಯನವರೇ, ಪೂರ್ತಿ ಓದಿ” ಎಂದು ಮಾವ ಪುಸ್ತಕ ಮುಂದಿಟ್ಟರು. ಅವರು ಓದಲೆಂದು ಬಗ್ಗಿದ್ದೇ ತಡ, ಕನ್ನಡಕದ ಒಂದು ಕಡ್ಡಿ ಕಳಚಿ ತೊಡೆಯ ಮೇಲೆ ಬಿತ್ತು. ಅದರ ತಿರುಪು ಉರುಳಿ ಚಾಪೆಯಡಿ ಸೇರಿತು. ಮಾವ ಕೋಟಿನ ಸಮೇತ ಮೊಣಕಾಲೂರಿ, ಜೇಬಿನ ಕಲ್ಲು ನೆಲಕ್ಕೆ ಬಡಿಯುತ್ತಿರಲು, ಸಾಸಿವೆಯಷ್ಟಿದ್ದ ಆ ತಿರುಪನ್ನು ಹುಡುಕಿ ತೆಗೆದರು. ತಕ್ಕಡಿಯ ಮುಳ್ಳು ಸರಿಮಾಡುವ ಪುಟ್ಟ ಸ್ಕ್ರೂಡ್ರೈವರ್ ಹೇಗೂ ಅವರ ಬಳಿಯಿತ್ತು.

“ಇದಿಲ್ದೆ ಒಂದಕ್ಷರ ಕಾಣಲ್ಲ ನೋಡಿ” ಎಂದರು ಉಪದೇಶಿಗಳು, ಬರಿಗಣ್ಣು ಪಿಳುಕಿಸುತ್ತ.

“ಎಷ್ಟು ವರ್ಷದಿಂದ ಹಾಕ್ತಿದೀರಿ?”

“ಹದಿನೆಂಟಾಯ್ತು.”

“ಪ್ರಾರ್ಥನೆಯೂ ಮಾಡ್ತೀರಿ, ಇದನ್ನೂ ಹಾಕ್ತೀರಿ.”

“ಹ್ಞೂಂ, ಮತ್ತೆ...” ಎಂದವರು ಅಲ್ಲಿಗೇ ನಿಂತರು.

“ಒಳ್ಳೇದೇ ಅಲ್ವಾ? ಗಾಜು ಮಾಡೋ ಬುದ್ಧಿ ಕೊಟ್ಟವನೂ ಆತನೇ” ಎಂದು ಮಾವ ತಲೆಯೆತ್ತದೆ ತಿರುಪು ತಿರುಗಿಸುತ್ತಲೇ ಇದ್ದರು. ಇಂಥ ಹೊತ್ತಿಗೆಂದೇ ನಾಲ್ಕು ದಿನದಿಂದ ಮಸೆದಿಟ್ಟಿದ್ದ ಮಾತನ್ನು ಆಡಲು ನಾನು ಬಾಯಿ ತೆರೆದೆ. ಮಾವ ಜೇಬಿನಿಂದ ಕಲ್ಲನ್ನು ತೆಗೆದು, “ಇದನ್ನ ಸ್ವಲ್ಪ ಹಿಡ್ಕೋ” ಎಂದು ನನ್ನ ಕೈಗೆ ತುರುಕಿದರು. ಕಿಲೋ ಭಾರದ ಹಿತ್ತಾಳೆ ಅನಿರೀಕ್ಷಿತವಾಗಿ ಕೈಗೆ ಬಂದರೆ ಮನುಷ್ಯನ ವಾಗ್ಮಿತೆ ಹೇಗೆ ಇಳಿದುಹೋಗುತ್ತದೆಂಬುದನ್ನು ನಾನು ಅಂದು ಕಂಡುಕೊಂಡೆ.

ಅಷ್ಟರಲ್ಲಿ ಅಮ್ಮ ಎದ್ದರು. ಯಾರ ಮುಖವನ್ನೂ ನೋಡದೆ ಕುಂಟುತ್ತ ಅಡುಗೆಮನೆಗೆ ಹೋದರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿತು. ಇನ್ಸುಲಿನ್ ಇರುತ್ತಿದ್ದದ್ದು ಅಲ್ಲೇ, ಮೊಟ್ಟೆಗಳ ಪಕ್ಕ.

“ಅಮ್ಮ ಎಲ್ಲಿಗೆ ಹೋದ್ರು?” ಎಂದರು ಉಪದೇಶಿಗಳು.

“ಅವಳ ಕನ್ನಡಕ ಹಾಕ್ಕೊಂಡು ಬರೋಕೆ” ಎಂದರು ಮಾವ, ಸರಿಮಾಡಿದ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ, ತಾವೇ ಅವರ ಮೂಗಿನ ಮೇಲೆ ಕೂರಿಸುತ್ತ.

ಬಸ್‌ ನಿಲ್ದಾಣದವರೆಗೆ ಮಾವ, ಕೂಟಗಳ ವಾರ ಮುಗಿದು ಅಂದೇ ಊರಿಗೆ ಹೊರಟಿದ್ದ ಉಪದೇಶಿಗಳ ಚೀಲ ಹೊತ್ತು ನಡೆದರು. ಕಲ್ಲು ಹೊತ್ತು ಹಿಂದೆ ನಾನು. ಅಲ್ಲಿ ಬೇರೆ ಯಾರೂ ಇಲ್ಲದಾಗ ಮಾವ ನಿಂತು, “ಅಯ್ಯನವರೇ, ನಿಮ್ಮ ಆ ಬೋಧನೆ ತಪ್ಪು. ನನ್ನ ತಂಗಿ ಸತ್ತೇ ಹೋಗ್ತಿದ್ದಳು. ಸಭಾಪಾಲಕರಿಗೆ ಇವತ್ತೇ ಹೇಳ್ತೀನಿ. ನೀವು ಇನ್ನೊಂದು ಮನೇಲಿ ಅದನ್ನ ಹೇಳಬೇಡಿ” ಎಂದರು. ಮಾವನ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಉಪದೇಶಿಗಳು ತಲೆ ತಗ್ಗಿಸಿದರು. ಬಸ್ಸು ಬಂತು, ಮಾವ ಚೀಲ ಎತ್ತಿಕೊಟ್ಟು ಕೈಮುಗಿದರು.

“ಇದನ್ನೇ ಮನೇಲಿ ಎಲ್ಲರ ಮುಂದೆ ಹೇಳೋಕಾಗ್ಲಿಲ್ವಾ?” ಎಂದೆ, ನನ್ನ ಭಾಷಣ ವ್ಯರ್ಥವಾದ ಸಂಕಟದಲ್ಲಿ.

“ಹೇಳಿದ್ರೆ ಅವರು ಮಾನ ಉಳಿಸ್ಕೊಳ್ಳೋಕೆ ವಾದ ಮಾಡ್ತಿದ್ರು, ನಿಮ್ಮಮ್ಮ ಅವರ ಪರ ನಿಲ್ತಿದ್ಲು. ನಾವು ಗೆಲ್ತಿದ್ವಿ, ಅವಳ ಕಾಲು ಹೋಗ್ತಿತ್ತು. ಕಲ್ಲು ಕೊಡು ಇಲ್ಲಿ.”

ಅಮ್ಮನ ಬೆರಳು ಉಳಿಯಲಿಲ್ಲ, ಕಾಲು ಉಳಿಯಿತು. ಎಂಟು ತಿಂಗಳ ಮೇಲೆ ಅದೇ ಉಪದೇಶಿಗಳು ಕನ್ನಡಕದ ಇನ್ನೊಂದು ಕಡ್ಡಿ ಹಿಡಿದುಕೊಂಡು ಮಾವನ ಅಂಗಡಿ ಹುಡುಕಿ ಬಂದರು. ತಾವು ಈಗ ಆ ಮಾತು ಆಡುವುದಿಲ್ಲ ಎಂಬುದನ್ನು ತಿರುಪು ಬಿಗಿಯಾಗುವಷ್ಟರಲ್ಲಿ ಗೊಣಗಿದಂತೆ ಹೇಳಿದರಂತೆ. ಮಾವ ಹೋಗಿ ಆರು ವರ್ಷವಾಯಿತು. ಅಮ್ಮ ಈಗಲೂ ಬೆಳಿಗ್ಗೆ ಸೂಜಿಗೆಂದು ಏಳುವಾಗ, “ಇರು, ಕನ್ನಡಕ ಹಾಕ್ಕೊಂಡು ಬರ್ತೀನಿ” ಎನ್ನುತ್ತಾರೆ.

ಸತ್ಯವನ್ನು ಕಾಯುವವರೆಂದರೆ ಕತ್ತು ಸೆಟೆದು ನೇರವಾಗಿ ನಡೆಯುವವರೆಂದೇ ನಾನು ಬಹುಕಾಲ ತಿಳಿದಿದ್ದೆ. ನನ್ನ ಕತ್ತೂ ಹಾಗೆಯೇ ಸೆಟೆದಿತ್ತು. ನಿಜವಾದ ಕಾವಲುಗಾರರು ಬೇರೆ ಥರ. ಸರಿತೂಕದ ಕಲ್ಲನ್ನು ಅವರು ಯಾರ ತಲೆಗೂ ಗುರಿಯಿಟ್ಟು ಎಸೆಯುವುದಿಲ್ಲ, ಮನೆಯಲ್ಲಿ ಬಚ್ಚಿಟ್ಟೂ ಬರುವುದಿಲ್ಲ. ಆಯುಷ್ಯವಿಡೀ ತಮ್ಮ ಜೇಬಿನಲ್ಲೇ ಹೊತ್ತು ತಿರುಗುತ್ತಾರೆ, ಅದರ ಭಾರಕ್ಕೆ ವಾಲುವುದು ಅವರ ಹೆಗಲು ಮಾತ್ರ.