ದುರ್ಬೀನಿನ ಮುಂದಿನ ಕಾಲು

ಟಕ್ ಎಂದಿತು.

ಹಾರ್ಲನ್ ಕೈ ತೆಗೆದ. ಬಿಗಿತ ಅಳೆಯುವ ಈ ಸ್ಕ್ರೂಡ್ರೈವರಿನಲ್ಲಿ ಅವನಿಗೆ ಹಿಡಿಸಿದ್ದು ಇದೊಂದೇ: ಸಾಕು ಎಂದು ಅದೇ ಹೇಳಿಬಿಡುತ್ತದೆ. ಹೆಂಡತಿ ಹೇಳುವುದಿಲ್ಲ. ಅವಳು ಸುಮ್ಮನೆ ನೋಡುತ್ತಾಳೆ, ಉಳಿದದ್ದನ್ನು ಇವನೇ ಊಹಿಸಿಕೊಳ್ಳಬೇಕು.

ಗ್ಯಾರೇಜಿನ ಬೆಂಚಿನ ಮೇಲೆ ರೈಫಲ್ ವೈಸಿನ ಇಕ್ಕಳದಲ್ಲಿ ಕಚ್ಚಿಸಿಕೊಂಡು ನಿಂತಿತ್ತು. ನಳಿಗೆಯ ಸುತ್ತ ಹೊಸ ಹ್ಯಾಂಡ್‌ಗಾರ್ಡ್, ಅಲ್ಯೂಮಿನಿಯಮ್ಮಿನ ಉದ್ದನೆಯ ಕವಚ. ಹಿಂದುಗಡೆ ರೈಫಲಿನ ಮೈಗೆ ಮಾತ್ರ ಅದರ ಸಂಬಂಧ. ನಳಿಗೆಯನ್ನು ಎಲ್ಲೂ ಮುಟ್ಟುವುದಿಲ್ಲ. ಮುಟ್ಟಿದರೆ ಗುರಿ ಕೆಡುತ್ತದೆ. ಎಡಕ್ಕೊಂದು ಟಾರ್ಚು, ಕೆಳಗೆ ಕೈ ಆನಿಸಲೊಂದು ಹಿಡಿ, ಮೇಲೆ ಈಗ ಎರಡು ಲೋಹದ ಕಾಲುಗಳ ಮೇಲೆ ದುರ್ಬೀನು. ವಸಂತದಿಂದಲೂ ಹೀಗೆ ಏನಾದರೊಂದನ್ನು ಕೂರಿಸುತ್ತಲೇ ಇದ್ದ. ಒಂದು ಗುಂಡೂ ಹಾರಿಸಿರಲಿಲ್ಲ.

ಹೊರಗೆ ಪಿಕಪ್ಪಿನ ಹಿಂಬಾಗಿಲು ಧಡ್ಡನೆ ಮುಚ್ಚಿಕೊಂಡಿತು. ಹೆಂಡತಿ ರೋವೆನಾಳ ಪೆಟ್ಟಿಗೆಗಳು. ಡೆನ್ವರಿನ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ನಾನೂ ಬರ್ತೀನಿ ಎಂದು ಅವನು ಆಗಲೇ ಹೇಳಿದ್ದ. ವಯೋಮಿಂಗಿನ ಈ ಸಣ್ಣ ಊರಲ್ಲಿ ಹೈಸ್ಕೂಲು ಹುಡುಗರಿಗೆ ರೇಖಾಗಣಿತ ಹೇಳಿ ಸಾಕಾಗಿದೆ ಎಂದೂ ಹೇಳಿದ್ದ. ಆಮೇಲೆ ಪ್ರಿನ್ಸಿಪಾಲರು, ಮುಂದಿನ ವರ್ಷವೂ ಇರ್ತೀರಲ್ಲ ಎಂದು ಕೇಳಿದಾಗ ಅವರಿಗೂ ಹೂಂ ಎಂದಿದ್ದ. ಎರಡು ಸಲವೂ ಸುಳ್ಳು ಹೇಳುತ್ತಿದ್ದೇನೆ ಅನಿಸಿರಲಿಲ್ಲ. ಎದುರಿಗೆ ನಿಂತವರಿಗೆ ಹೂಂ ಅನ್ನುವುದು ಅವನಿಗೆ ಉಸಿರಾಡಿದಷ್ಟು ಸಲೀಸು.

ರೋವೆನಾ ಒಳಗೆ ಬಂದಳು. ದನ ಸಾಕುವವರ ಮನೆಯ ಮಗಳು, ಲಂಗ ಹಾಕುವ ವಯಸ್ಸಿನಲ್ಲೇ ಅಪ್ಪನ ಹಿಂದೆ ಬೇಟೆಗೆ ಹೋದವಳು. ಇವನಿಗೆ ಗುರಿ ಹಿಡಿಯಲು ಕಲಿಸಿದ್ದೂ ಅವಳೇ.

"ಎಲ್ಲಾ ತುಂಬಿದ್ದಾಯ್ತು. ನಿನ್ನ ಪೆಟ್ಟಿಗೆ ಎಲ್ಲಿ?"

"ಇದೊಂದು ಮುಗಿಸ್ಬಿಡ್ತೀನಿ."

"ಅಂಗಡೀಲಿ ಪ್ರಿನ್ಸಿಪಾಲರ ಹೆಂಡ್ತಿ ಸಿಕ್ಕಿದ್ಲು."

ಅವನು ಬಟ್ಟೆ ತಗೊಂಡು ದುರ್ಬೀನಿನ ಗಾಜು ಒರೆಸಿದ. ಗಾಜು ಸ್ವಚ್ಛವಾಗಿಯೇ ಇತ್ತು.

"ಏನಂದ್ಲು?"

"ನೀನು ಇಲ್ಲೇ ಇರ್ತೀಯಂತೆ, ಅವರಿಗೆಲ್ಲಾ ಖುಷಿಯೋ ಖುಷಿ. ನಂಗೂ ಒಂದು ಮಾತು ಹೇಳಿದ್ರೆ ನಾನೂ ಖುಷಿ ಪಡ್ತಿದ್ನಲ್ಲ, ಮೇಷ್ಟ್ರೇ."

"ಅದು ಹಂಗಲ್ಲ ಕಣೇ."

"ಹೆಂಗೆ ಮತ್ತೆ?"

ಹೆಂಗೆ ಎಂದು ಅವನಿಗೂ ಗೊತ್ತಿರಲಿಲ್ಲ. ಅವಳು ಬೆಂಚಿನ ಕಡೆ ಬಗ್ಗಿದಳು. ಬಗ್ಗಿದವಳು ನಕ್ಕುಬಿಟ್ಟಳು. ಬೈದಿದ್ದರೆ ವಾಸಿಯಿತ್ತು ಅನಿಸಿತು ಅವನಿಗೆ.

"ಇದೇನೋ ಇದು! ಹಿಂದಿನ ಕಾಲು ರೈಫಲಿನ ಮೈ ಮೇಲೆ, ಮುಂದಿನ ಕಾಲು ಹ್ಯಾಂಡ್‌ಗಾರ್ಡ್ ಮೇಲೆ. ಎರಡು ದೋಣಿ ಮೇಲೆ ಕಾಲಿಟ್ಟಂಗೆ. ಕೈ ಭಾರ ಬಿದ್ರೆ ಹ್ಯಾಂಡ್‌ಗಾರ್ಡ್ ಬಾಗುತ್ತೆ, ದುರ್ಬೀನೂ ಅದರ ಹಿಂದೆ ಹೋಗುತ್ತೆ. ಗುರಿ ನಿಲ್ಲುತ್ತಾ?"

"ಕಾಲು ಕೂರಿಸೋ ಹಳಿ ಎರಡೂ ಒಂದೇ ಮಟ್ಟದಲ್ಲಿವೆ. ನೋಡೋಕೆ ಒಂದೇ."

"ಹೂಂ. ನೋಡೋಕೆ."

ಹಾಗೆ ಕೂರಿಸಬಾರದೆಂದು ಅವನು ಓದಿದ್ದ. ಓದಿಯೂ ಕೂರಿಸಿದ್ದ. ಅಷ್ಟು ಮುಂದಕ್ಕಿಟ್ಟರೆ ಕತ್ತು ನೋಯುತ್ತಿರಲಿಲ್ಲ, ಕಣ್ಣಿಗೆ ಹಿತವಾಗಿತ್ತು.

"ಬಿಚ್ಚಿ ಸರಿ ಮಾಡ್ತೀನಿ ಬಿಡು."

"ಹಾರ್ಲನ್, ಬರ್ತೀಯೋ ಇಲ್ವೋ? ಬರಲ್ಲ ಅಂದ್ರೂ ಸರಿ, ನಾನೇನು ಸಾಯಲ್ಲ. ಒಂದ್ಸಲ ಬಾಯಿ ಬಿಟ್ಟು ಹೇಳು."

ಬರುತ್ತೇನೆ ಎನ್ನಬಹುದಿತ್ತು. ಬರುವುದಿಲ್ಲ ಎನ್ನಬಹುದಿತ್ತು. ಎರಡೂ ನಾಲಿಗೆಯ ಮೇಲೆ ಒಂದೇ ತೂಕ ತೂಗಿದವು. ಇವಳು ನನಗೆ ಬೇಕು ಎಂದು ಆ ಗಳಿಗೆಯಲ್ಲಿ ಗಟ್ಟಿಯಾಗಿ ಅನಿಸಿತು. ಅದನ್ನು ಹೇಳಲು ಮಾತ್ರ ಯಾರೋ ಬೇರೆಯವನು ಬರಬೇಕಿತ್ತು.

"ಸ್ಕ್ರೂಗೆ ಅಂಟು ಹಾಕ್ಬೇಕು," ಎಂದ. "ಹಾಕಿದ್ರೆ ನಾಳೆವರೆಗೂ ಒಣಗ್ಬೇಕು."

ರೋವೆನಾ ಅವನ ಮುಖವನ್ನೇ ನೋಡಿದಳು. ಕಣ್ಣು ತುಂಬಿತ್ತು, ದನಿಯಲ್ಲಿ ಏನೂ ಇರಲಿಲ್ಲ. "ಗಾಡಿ ಸ್ಟಾರ್ಟ್ ಮಾಡಿ ಕೂತಿರ್ತೀನಿ. ಜಾಸ್ತಿ ಹೊತ್ತು ಕೂರಲ್ಲ."

ಎಂಜಿನ್ ಶುರುವಾಯಿತು. ಅವನು ಬೇಗ ಬೇಗ ದುರ್ಬೀನು ಬಿಚ್ಚಿದ. ಎರಡು ಕಾಲನ್ನೂ ಹಿಂದಕ್ಕೆ ಸರಿಸಿ ರೈಫಲಿನ ಮೈ ಮೇಲೆ ಕೂರಿಸಿದ, ಅಂಟು ಹಚ್ಚಿದ, ಬಿಗಿದ. ಈಗ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ದುರ್ಬೀನು ಕಣ್ಣಿಗೆ ತೀರಾ ಹತ್ತಿರವಾಗಿ, ನೋಡಿದರೆ ಅಂಚಿನಲ್ಲಿ ಕಪ್ಪು ಕವಿಯುತ್ತಿತ್ತು, ಅಷ್ಟೆ.

ಇನ್ನೊಂದು ಕೆಲಸ ಉಳಿದಿತ್ತು. ಹಳದಿ ಬಣ್ಣದ ಪೆನ್ನಿನಿಂದ ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳೆಯಬೇಕು. ಸ್ಕ್ರೂ ಒಂದು ಕೂದಲೆಳೆ ಸಡಿಲವಾದರೂ ಗೆರೆ ಮುರಿದು ತೋರಿಸಿಕೊಡುತ್ತದೆ. ದುರ್ಬೀನಿಗೆ ಎಳೆದ. ಟಾರ್ಚಿಗೆ, ಹಿಡಿಗೆ ಎಳೆದ. ಸ್ಕ್ರೂಗಳು ಮುಗಿದವು. ಹೊರಗೆ ಎಂಜಿನ್ ಇನ್ನೂ ಗುರುಗುಡುತ್ತಲೇ ಇತ್ತು.

ಎಡಗೈಯನ್ನು ದೀಪದ ಕೆಳಗೆ ಚಾಚಿ, ಮದುವೆಯ ಉಂಗುರದ ಮೇಲಿಂದ ಬೆರಳಿನ ಚರ್ಮಕ್ಕೆ ಒಂದು ಗೆರೆ ಎಳೆದ. ಆರಲೆಂದು ಊದಿದ.

ಹೊರಗೆ ಪಿಕಪ್ಪಿಗೆ ಗೇರ್ ಬಿದ್ದ ಸದ್ದು ಕೇಳಿತು. ಏಳಬೇಕೆಂದು ಬೆಂಚಿಗೆ ಕೈ ಊರಿದ. ಉಂಗುರ ಸರಕ್ಕನೆ ತಿರುಗಿತು. ಗೆರೆಯ ಅರ್ಧ ಅದರ ಜೊತೆ ಅಂಗೈ ಕಡೆಗೆ ಹೋಯಿತು, ಇನ್ನರ್ಧ ಚರ್ಮದ ಮೇಲೆ ಇದ್ದಲ್ಲೇ ಉಳಿಯಿತು. ಅವನು ಮತ್ತೆ ಕೂತು, ಕಣ್ಣು ಕಿರಿದು ಮಾಡಿಕೊಂಡು, ಗೆರೆಯ ಎರಡು ತುಂಡೂ ಒಂದುಗೂಡುವಂತೆ ಉಂಗುರವನ್ನು ಮೆಲ್ಲಗೆ ತಿರುಗಿಸತೊಡಗಿದ.